ದೊರೆಯ ತೊರಕೆ, ನಮ್ಮ ಮಾವ

ಗುಡ್ಡದವರು ಕಡಲಿಗಿಳಿದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬ್ರಿಟಿಷರ ಕಾಲದಲ್ಲಿ ಹುದಿಕೇರಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್ ಆಗಿದ್ದೆ. ನಮ್ಮ ಬಿಳಿ ದೊರೆಗೆ ಒಂದೇ ಹುಚ್ಚು, ತೊರಕೆ. ಕಡಲ ತಳದ ಮರಳಿಗೆ ಅಂಟಿಕೊಂಡು ಮಲಗುವ ಚಪ್ಪಟೆ ಮೀನು ಅದು. ಅವರ ಊರಿನಲ್ಲಿ ಅಪ್ಪ ಗಾಳ ಹಾಕಿ ಹಿಡಿಯುತ್ತಿದ್ದರಂತೆ, ಇವರಿಗೆ ಮಾತ್ರ ಒಂದೂ ಸಿಕ್ಕಿರಲಿಲ್ಲ. ಕೆಲಸ ಮುಗಿಸಿ ಊರಿಗೆ ಹೊರಡುವ ಮೊದಲು ಒಂದನ್ನಾದರೂ ಹಿಡಿಯಲೇಬೇಕೆಂದು ಹಟ. ಈಗ ಆ ದೊರೆಯೂ ಇಲ್ಲ, ಜೊತೆಗೆ ಬಂದ ನನ್ನ ಸೋದರಮಾವನೂ ಇಲ್ಲ. ನೆನೆದರೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ.

ಕಣದಲ್ಲಿ ಮೀನು

ತೊರಕೆ ತಳ ಕಚ್ಚಿಕೊಂಡರೆ ಮೇಲೆತ್ತುವುದು ಸುಲಭವಲ್ಲ. ಅದಕ್ಕೇ ದೊರೆ ಕಾಫಿ ಒಣಗಿಸುವ ಕಣದಲ್ಲಿ ತಾಲೀಮು ಶುರು ಮಾಡಿದರು. ನೆನೆದ ಗೋಣಿಚೀಲಕ್ಕೆ ಗಾಳ ಸಿಕ್ಕಿಸಿ, ಏದುಸಿರು ಬಿಡುತ್ತ ಎಳೆಯುವರು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ನಿಂತಳು.

“ದೊರೆಗೆ ಏನಾಯ್ತು ರೈಟರೇ?”

“ಮೀನು ಹಿಡೀತಿದಾರೆ ಅಜ್ಜಿ.”

ಅಜ್ಜಿ ಕಣವನ್ನು ನೋಡಿದಳು, ಚೀಲವನ್ನು ನೋಡಿದಳು. “ಸಿಕ್ಕಿದ್ರೆ ಹೇಳಿ ಕಳ್ಸಿ. ಸಾರಿಗೆ ಹುಳಿ ಹಾಕೋಕೆ ಕಾಚಂಪುಳಿ ನಾನ್ ಕೊಡ್ತೀನಿ.”

ಮಾವನ ಕರುಣೆ

ಮಾಕುಟ್ಟದ ಘಾಟಿ ಇಳಿದು ತಲಶೇರಿಗೆ ಹೋದೆವು. ದೋಣಿಯಲ್ಲಿ ದೊರೆ, ನಾನು, ಮಾವ, ಮತ್ತೆ ಎಲ್ಲರೂ ಕಾಕ ಎಂದು ಕರೆಯುವ ದೋಣಿಯವನು. ಗಾಳಕ್ಕೆ ಮೀನಿನ ತುಂಡು ಚುಚ್ಚಿ, ಸೀಸದ ಗುಂಡು ಕಟ್ಟಿ ದೊರೆ ತಳಕ್ಕೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಎಳೆದರು, ಜಗ್ಗಿದರು, ಅಲುಗಲಿಲ್ಲ. ದೊರೆಯ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತು. ಹೊಳೆಮೀನು ಹಿಡಿದೇ ಹೆಸರಾದ ಮಾವನಿಗೆ ಅದನ್ನು ನೋಡಲಾಗಲಿಲ್ಲ. ನಮ್ಮ ಹೊಳೆಯಲ್ಲಿ ಗಾಳ ಹೀಗೆ ನಿಂತರೆ ಬಂಡೆಗೆ ಸಿಕ್ಕಿತೆಂದೇ ಅರ್ಥ. ಸೊಂಟದ ಪೀಚೆಕತ್ತಿ ಎಳೆದು ದಾರವನ್ನು ಕಚಕ್ಕನೆ ಕೊಯ್ದೇಬಿಟ್ಟರು. ದೊರೆ ಅಂಗಾತ ಬಿದ್ದರು.

ಕಾಕ ಹಣೆ ಚಚ್ಚಿಕೊಂಡ. “ಪಡಚ್ಚೋನೇ, ದೇವರೇ! ತೊರಕೆ ಹಾಗೇ ಕೂರೋದು!”

ಮಾವ ದೊರೆಯನ್ನು ಎಬ್ಬಿಸುತ್ತ ಸಮಾಧಾನ ಹೇಳಿದರು. “ಹೋಗ್ಲಿ ಬಿಡಿ ದೊರೆ, ಅದಕ್ಕೂ ಬರೋಕೆ ಮನಸ್ಸಿರ್ಲಿಲ್ಲ.”

ಬಾಲದ ಪಾಲು

ಉಳಿದದ್ದು ಮರುದಿನ ಮಾತ್ರ, ಆಮೇಲೆ ದೊರೆಗೆ ಹಡಗು. ಮಾವನ ಕತ್ತಿಯನ್ನು ಕಾಕ ದಡದಲ್ಲೇ ಇಡಿಸಿದ. ಮಧ್ಯಾಹ್ನ ಮತ್ತೆ ಕೋಲು ಬಾಗಿತು. ಈ ಸಲ ದೊರೆ ಅವಸರ ಮಾಡಲಿಲ್ಲ. ಕೋಲನ್ನು ಮೆಲ್ಲಗೆ ಎತ್ತುವುದು, ಇಳಿಸುತ್ತ ದಾರ ಸುತ್ತುವುದು, ಮತ್ತೆ ಎತ್ತುವುದು. ಕೊನೆಗೂ ಮೊರದಗಲದ ತೊರಕೆ ದೋಣಿಯೊಳಗೆ ಬಿತ್ತು. ದೊರೆಯ ಕಣ್ಣಲ್ಲಿ ನೀರು. “ನಮ್ಮಪ್ಪ ನೋಡ್ಬೇಕಿತ್ತು,” ಎಂದರು.

ನಮ್ಮ ಬೇಟೆಯಲ್ಲಿ ಒಂದು ಕಟ್ಟುಪಾಡುಂಟು. ಬಿದ್ದ ಹಂದಿಯ ಬಾಲವನ್ನು ಮೊದಲು ಮುಟ್ಟಿದವನಿಗೆ ಒಂದು ಪಾಲು. ಮಾವ ಹಿಂದೆಮುಂದೆ ನೋಡದೆ ತೊರಕೆಯ ಬಾಲಕ್ಕೆ ಹಾರಿದರು. “ಬಾಲದಲ್ಲಿ ಮುಳ್ಳುಂಟು!” ಎಂದು ಕಾಕ ಕೂಗುವಷ್ಟರಲ್ಲಿ ಮಾವನ ಚೀರಾಟ ದಡಕ್ಕೆ ಕೇಳಿತ್ತು.

ಸಂಜೆ ಮಾವ ಊದಿದ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಕುಳಿತಿದ್ದರು. ಎಷ್ಟೋ ಬೇಟೆಗೆ ನಮ್ಮೊಡನೆ ಬಂದಿದ್ದ ದೊರೆಗೆ ಕಟ್ಟುಪಾಡು ಗೊತ್ತಿತ್ತು. ದೊಡ್ಡದೊಂದು ತುಂಡನ್ನು ಬಾಳೆಲೆಯಲ್ಲಿಟ್ಟು ತಂದು, “ನಿಮ್ಮ ಪಾಲು,” ಎಂದರು.

ಮಾವ ತಲೆಯಾಡಿಸಿದರು. “ಬೇಡ ದೊರೆ. ಮೊದಲು ಮುಟ್ಟಿದ್ದು ನಾನಲ್ಲ, ಅದು. ನನ್ನ ಕೈಯಿಂದ ಪಾಲು ತಗೊಂಡೂ ಆಯ್ತು.”