ಜರಡಿ ಹಿಂದಿನ ಫಾದರ್

ಆರು ವರ್ಷದ ಮಗಳಿರುವ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ. ಬೇರೆಯವರ ಮಕ್ಕಳು ಡಾಕ್ಟರ್ ಆಟ, ಟೀಚರ್ ಆಟ ಆಡುತ್ತವೆ. ನಮ್ಮವಳು ಫಾದರ್ ಆಟ ಆಡುತ್ತಾಳೆ.

ಕ್ಯಾಂಪ್ ಬಡಾವಣೆಯಲ್ಲಿರುವ ನಮ್ಮ ಮನೆಗೆ ಚರ್ಚು ಹತ್ತಿರ. ಪಕ್ಕದ ಮನೆಯ ಹುಡುಗಿ ಮೊದಲ ಪರಮಪ್ರಸಾದಕ್ಕೆ ತಯಾರಾಗುವಾಗ ಇವಳೂ ಜೊತೆಗೆ ಹೋಗಿ ಕ್ಲಾಸಿನಲ್ಲಿ ಕೂತಳು. ಅಲ್ಲಿ ತಲೆಗೆ ಹೊಕ್ಕಿದ್ದು ಜಾಲರಿಯ ಹಿಂದೆ ಕೂತ ಫಾದರಿಗೆ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಒಂದೇ. ಮರುದಿನವೇ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಬೆಡ್‌ಶೀಟ್ ಹೊದಿಸಿ, ಒಳಗೆ ಮಣೆ ಹಾಕಿಕೊಂಡು, ಮುಖಕ್ಕೆ ಹಿಟ್ಟಿನ ಜರಡಿ ಹಿಡಿದು ಕೂತಳು. ನಾವು ಹೊರಗೆ ಮೊಣಕಾಲೂರಿ ಜರಡಿಗೆ ನಮ್ಮ ಪಾಪ ಹೇಳಬೇಕು. ಅವಳು ಕೊಟ್ಟ ಪ್ರಾಯಶ್ಚಿತ್ತಕ್ಕೆ 'ಆಮೆನ್', ಅಂದರೆ ಹಾಗೇ ಆಗಲಿ, ಅನ್ನಬೇಕು.

೧. ಅಜ್ಜನ ಪಾಪ

ಮೊದಲು ಸಿಕ್ಕಿಬಿದ್ದವರು ನಮ್ಮಪ್ಪ.

"ಯಾರಿಗೂ ಹೇಳಂಗಿಲ್ಲ ಅಜ್ಜಾ. ಕೊಂದರೂ ಫಾದರ್ ಹೇಳಂಗಿಲ್ಲ," ಅಂತ ಮಗಳು ಮಾತು ಕೊಟ್ಟಳು. ಅಪ್ಪ ಪಿಸುಪಿಸು ಏನೋ ಹೇಳಿದರು. ಏನು ಹೇಳಿದರೆಂದು ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆದರೆ ಪ್ರಾಯಶ್ಚಿತ್ತವೂ ಗುಟ್ಟು ಅಂತ ಕ್ಲಾಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಗೆ ಬಂದು ಅಡುಗೆಮನೆಗೆ ಕೇಳುವಂತೆ ಸಾರಿದಳು: "ಅಜ್ಜಾಗ ಮೂರು ನಮೋ ಮರಿಯ ಪ್ರಾರ್ಥನೆ! ಮತ್ತ ನಾಳಿಂದ ವಾಕಿಂಗ್ ಹೋದಾಗ ಕುಂದಾ ಮಿಠಾಯಿ ಅಂಗಡಿ ಕಡೆ ಹೋಗೂ ಹಂಗಿಲ್ಲ!"

ಅಪ್ಪನಿಗೆ ಸಕ್ಕರೆ ಕಾಯಿಲೆ. ಅಮ್ಮ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ಅಪ್ಪ ಇನ್ನೂ ಮೊಣಕಾಲ ಮೇಲೇ ಇದ್ದರು. ಕ್ಷಮೆ ಕೇಳಲು ಅನುಕೂಲವಾಯಿತು.

೨. ನನ್ನದೂ ಒಂದು

ಇದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಮುಂದಿನ ವಾರ ನಾನೂ ಮೊಣಕಾಲೂರಿದೆ.

"ಪಪ್ಪಾಗ ಐದು ನಮೋ ಮರಿಯ. ಮತ್ತ ಭಾನುವಾರ ಓವರ್‌ಟೈಮಿಗೆ ಹೋಗುವಾಗ ಕ್ರಿಕೆಟ್ ಬ್ಯಾಟ್ ಒಯ್ಯೂ ಹಂಗಿಲ್ಲ!"

ನಾನು ಕೆಲಸ ಮಾಡುವ ಮಚ್ಛೆ ಊರಿನ ಕಾರ್ಖಾನೆಯಲ್ಲಿ ಭಾನುವಾರವೂ ಲೇತ್ ಯಂತ್ರ ತಿರುಗುತ್ತದೆಂದು ನಂಬಿದ್ದ ನನ್ನ ಹೆಂಡತಿಯ ಫೋನಿನಲ್ಲಿ ಈಗ ನಮ್ಮ ಮ್ಯಾನೇಜರರ ನಂಬರಿದೆ.

೩. ಖಾನಾಪುರದವರು ಬಂದರು

ನನ್ನ ತಂಗಿ ನರ್ಸು. ವಯಸ್ಸು ಮೂವತ್ತೆರಡು. ಎರಡು ಸಂಬಂಧ ಬಂದು ತಪ್ಪಿದ್ದವು. ಖಾನಾಪುರದ ಈ ಹುಡುಗ ಮಾತ್ರ ಅವಳಿಗೆ ಮನಸಾರೆ ಹಿಡಿಸಿದ್ದ. "ಇದೂ ತಪ್ಪಿದ್ರ ಇನ್ನ ಯಾರ ಮುಂದೂ ಚಹಾದ ಟ್ರೇ ಹಿಡಿಯಂಗಿಲ್ಲಣ್ಣಾ," ಅಂದಿದ್ದಳು. ನನಗೂ ಎದೆಯಲ್ಲಿ ಅದೇ ಭಯ. ಅವರು ಬರುವ ಮೊದಲೇ ಜರಡಿಯನ್ನು ಕಪಾಟಿನ ಮೇಲೆ ಅಡಗಿಸಿಟ್ಟೆ.

ಹುಡುಗನ ತಾಯಿ ನಗುವವರ ಪೈಕಿಯಲ್ಲ. ಕೂತವರೇ ತಂಗಿಯನ್ನು ಕೇಳಿದರು: "ಮದುವಿ ಆದ ಮ್ಯಾಲೆ ನೈಟ್ ಡ್ಯೂಟಿ ಬಿಡ್ತೀಯೇನವಾ?"

"ಬಿಡಾಕ ಆಗಂಗಿಲ್ರಿ. ಖಾನಾಪುರದಿಂದ ಬಸ್ಸಿಗೆ ಓಡಾಡ್ತೇನ್ರಿ."

ಅಮ್ಮ ಎರಡು ಸಲ ಬಿಸ್ಕತ್ತು ಮುಂದೆ ಸರಿಸಿದಳು. ಹುಡುಗನ ತಾಯಿ ಮುಟ್ಟಲಿಲ್ಲ. ಈ ಸಂಬಂಧವೂ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಮಗಳು ಬಂದಳು. ಕೈಯಲ್ಲಿ ಚಹಾ ಸೋಸುವ ಜರಡಿ!

"ಅಂಕಲ್, ಪಾಪ ಹೇಳ್ತೀರೇನು?"

ನಾನು ಕಣ್ಣು ಕೆಕ್ಕರಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಆ ಬಿಗುವಿನಿಂದ ಪಾರಾದರೆ ಸಾಕಾಗಿದ್ದ ಹುಡುಗ ಎದ್ದು ಅವಳ ಹಿಂದೆ ಒಳಕೋಣೆಗೆ ಹೋದ. ಎರಡು ನಿಮಿಷ ಬರೀ ಪಿಸುಮಾತು.

ಮಗಳು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಅಂಕಲ್ ಪಾಪ ಭಾಳ ದೊಡ್ಡದೈತಿ. ಏನಂತ ಹೇಳಂಗಿಲ್ಲ."

ಹುಡುಗನ ತಾಯಿ ಕಪ್ಪು ಕೆಳಗಿಟ್ಟರು.

"ನಮೋ ಮರಿಯ ಸಾಲಂಗಿಲ್ಲ. ಅದಕ್ಕ ದೊಡ್ಡ ಪ್ರಾಯಶ್ಚಿತ್ತ ಕೊಟ್ಟೇನಿ. ಅಂಕಲ್ ನಮ್ಮ ಅತ್ತೀನ್ನ ಮದುವಿ ಆಗಬೇಕು!"

ಅಪ್ಪ ಕಣ್ಣು ಮುಚ್ಚಿಕೊಂಡರು. ನನಗೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಹುಡುಗ ಬಂದು ಬಾಗಿಲಲ್ಲಿ ನಿಂತ. ತಾಯಿ ಅವನ ಕಡೆ ತಿರುಗಿದರು.

"ಅದಕ್ಕ ನೀ ಏನಂದೀಪಾ?"

ಅವನು ಕಿವಿ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತ ಹೇಳಿದ:

"ಆಮೆನ್ ಅಂದೇನವ್ವಾ."