ಬೆಳಕಿನ ಕಲೆಗೆ ನನ್ನ ಕೊಡುಗೆ

ಯಾವ ವಿಷಯವೇ ಆಗಲಿ, ಸರಿಯಾಗಿ ವಿವರಿಸಿದರೆ ಜನಕ್ಕೆ ಅರ್ಥವಾಗಿಯೇ ಆಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಐರೋಲಿಯ ನಮ್ಮ ಆಫೀಸಿನಲ್ಲಿ ಮ್ಯೂಚುವಲ್ ಫಂಡುಗಳ ಷರತ್ತುಗಳನ್ನು ವಿವರಿಸುವುದೇ ನನ್ನ ಕೆಲಸ. ಕೇಳುವವರು ಆಕಳಿಸುತ್ತಾರೆ, ಅದು ಬೇರೆ ಮಾತು. ಹಾಗಾಗಿ ನನ್ನ ಮಗಳ ಕಲೆಯನ್ನು ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಕನ್ನಡಿಗರಿಗೆ ಅರ್ಥ ಮಾಡಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ!

ಮಗಳು ಅನಘ ಮಾಡುವುದು ಲೈವ್ ವಿಶುವಲ್ಸ್. ಯಾರೋ ಹಾಡುತ್ತಿರುತ್ತಾರೆ, ಬಾರಿಸುತ್ತಿರುತ್ತಾರೆ. ಇವಳು ಲ್ಯಾಪ್‌ಟಾಪು, ಪ್ರೊಜೆಕ್ಟರು ಇಟ್ಟುಕೊಂಡು ಆ ತಾಳಕ್ಕೆ ಸರಿಯಾಗಿ ಅಲ್ಲೇ, ಆಗಲೇ ಪರದೆಯ ಮೇಲೆ ಚಿತ್ರ ಬರೆದು, ಕುಣಿಸಿ, ಅಳಿಸುತ್ತಾಳೆ. ಮೊದಲೇ ಮಾಡಿಟ್ಟ ವಿಡಿಯೊ ಅಲ್ಲ. ಇವತ್ತು ನೋಡಿದ್ದು ನಾಳೆ ಸಿಗುವುದಿಲ್ಲ. ಆದರೆ ಕತ್ತಲಲ್ಲಿ ಕೂತು ಕೆಲಸ ಮಾಡುವವಳನ್ನು ಕಲಾವಿದೆ ಎಂದು ಯಾರು ತಿಳಿಯುತ್ತಾರೆ? "ಬೇಟಾ, ಎಸಿ ಸ್ವಲ್ಪ ಕಮ್ಮಿ ಮಾಡು" ಎನ್ನುತ್ತಾರೆ. ಹೋದ ವರ್ಷ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡಿದವರು "ಮೈಕು, ಲೈಟು, ಕುರ್ಚಿ ಮತ್ತು ಅನಘ ಇವರಿಗೆಲ್ಲ ಧನ್ಯವಾದಗಳು" ಎಂದರು. ಹುಡುಗಿ ಎಲ್ಲರೆದುರು ನಕ್ಕಳು. ಮನೆಗೆ ಬಂದು ಊಟ ಮಾಡದೆ ಮಲಗಿದಳು.

ಈ ಸಲ ಮೊದಲೇ ಸಂಘದ ಅಧ್ಯಕ್ಷರಾದ ಶೆಟ್ಟರನ್ನು ಸ್ಟೇಷನ್ ಹತ್ತಿರದ ಅವರ ಹೋಟೆಲಿನಲ್ಲಿ ಹಿಡಿದೆ. ಕಲಾವಿದರ ಸಾಲಿನಲ್ಲಿ ಮಗಳ ಹೆಸರು ಹಾಕಬೇಕೆಂದೆ.

"ಅವಳು ಎಂಥ ಮಾಡುದು ಮಾರಾಯ್ರೆ? ಹಾಡುದಾ, ಕುಣಿಯುದಾ?"

"ಬೆಳಕಿನಲ್ಲಿ ಚಿತ್ರ ಬರೀತಾಳೆ."

"ಮದುವೆ ಹಾಲಿನ ಗೋಡೆಗೆ ಹೂವು ಬೀಳಿಸ್ತಾರಲ್ಲ, ಅದಾ?"

"ಅದಲ್ಲ!"

"ಮತ್ತೆ, ಸಿನೆಮಾವಾ?"

"ಅದೂ ಅಲ್ಲ!"

"ಹಾಗಾದ್ರೆ ಎಂಥದ್ದು ಅಂತ ನಿಮಗೂ ಗೊತ್ತಿಲ್ಲ" ಎಂದು ಶೆಟ್ಟರು ಕನಿಕರದಿಂದ ಒಂದು ಪ್ಲೇಟು ಬನ್ಸ್ ತರಿಸಿದರು.

ಬನ್ಸ್ ಮುಗಿಯುವಷ್ಟರಲ್ಲಿ ಒಪ್ಪಂದವಾಯಿತು. ಯಕ್ಷಗಾನದವರು ಬಣ್ಣ ಹಚ್ಚಿಕೊಂಡು ಮುಗಿಸುವ ತನಕ ಕಾಲು ಗಂಟೆ ಅನಘಳದು. ಜನ ಕೂತು ನೋಡಿದರೆ ಅವಳು ಕಲಾವಿದೆ. ವಡಾಪಾವ್ ತಿನ್ನಲು ಎದ್ದು ಹೋದರೆ ಮತ್ತೆ ಕುರ್ಚಿಗಳ ಜೊತೆಗೇ ಧನ್ಯವಾದ!

"ಮೊದಲು ನಾನು ಈ ಕಲೆ ಅಂದರೇನು ಅಂತ ನಾಲ್ಕು ಮಾತು ಆಡ್ತೀನಿ" ಎಂದು ಮನೆಯಲ್ಲಿ ಘೋಷಿಸಿದೆ.

ಮಗಳ ಮುಖ ಬಾಡಿತು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಇಡೀ ಮಹಾರಾಷ್ಟ್ರವಿದೆ. "ಪಪ್ಪಾ, ಭಾಷಣ ನಕೋ ನಾ. ಲೋಗ್ ದೇಖೇಂಗೆ ತೋ ಸಮಝ್ ಜಾಯೇಂಗೆ."

ನೋಡಿದರೆ ಅರ್ಥವಾಗುತ್ತದಂತೆ! ವ್ಯಾಖ್ಯಾನವೇ ಇಲ್ಲದೆ!

ಹೆಂಡತಿ ನಳಿನಿಯೂ ಮಗಳ ಪಕ್ಷವೇ. "ರೀ, ಆ ಮಗುವಿನ ಕಾಲು ಗಂಟೇನ ನೀವೇ ತಿಂದುಬಿಡ್ತೀರ. ನಿಮ್ಮ ನಾಲ್ಕು ಮಾತು ನನಗೆ ಗೊತ್ತಿಲ್ವಾ?"

ಕಲೆಯ ಪ್ರಚಾರಕರಿಗೆ ಮನೆಯವರ ವಿರೋಧ ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡೆ. ಠಾಣೆಯಲ್ಲಿ ರೈಲು ಬದಲಿಸಿ ಐರೋಲಿಗೆ ಹೋಗುವ ಲೋಕಲ್‌ನಲ್ಲಿ ನಿಂತು ದಿನವೂ ಅಭ್ಯಾಸ ಮಾಡಿದೆ: "ಪ್ರೇಕ್ಷಕರ ಸಮ್ಮುಖದಲ್ಲಿ, ನಾದಕ್ಕೆ ಅನುಗುಣವಾಗಿ, ತತ್ಕ್ಷಣವೇ ಉದ್ಭವಿಸಿ ತತ್ಕ್ಷಣವೇ ಲಯವಾಗುವ ದ್ಯುತಿರೂಪಕವೇ..." ಎದುರಿಗಿದ್ದವರೊಬ್ಬರು ಗಾಬರಿಯಿಂದ ಎದ್ದು ನನಗೆ ಸೀಟು ಬಿಟ್ಟುಕೊಟ್ಟರು. ಪರಿಣಾಮ ಚೆನ್ನಾಗಿದೆ ಎಂದುಕೊಂಡೆ.

ಕಾರ್ಯಕ್ರಮದ ದಿನ ಬಂತು. ವಿಷಯದ ಗಾಂಭೀರ್ಯಕ್ಕೆ ತಕ್ಕಂತೆ ಗಂಜಿ ಹಾಕಿದ ಬಿಳಿ ಜುಬ್ಬ ತೊಟ್ಟು, ಬಿಳಿ ಪಂಚೆ ಉಟ್ಟೆ. ವೇದಿಕೆಯ ಮೂಲೆಯಲ್ಲಿ ಮೈಕು ಇಟ್ಟಿದ್ದರು. ಹೊಸ ಕಲೆಯೊಂದರ ವ್ಯಾಖ್ಯಾನವನ್ನು ಮೂಲೆಯಲ್ಲಿ ನಿಂತು ಕೊಡುವುದೇ? ಅದನ್ನು ಪರದೆಯ ಮುಂದೆ ನಟ್ಟನಡುವೆ ಇಡಿಸಿದೆ. ವಾತಾವರಣ ಏರ್ಪಡಲಿ ಎಂದು ಹಾಲಿನ ದೀಪಗಳನ್ನೆಲ್ಲ ಆರಿಸಲು ಆಜ್ಞೆ ಕೊಟ್ಟವನೂ ನಾನೇ. ಮಗಳು ಹಾಲಿನ ನಡುವಿನ ಮೇಜಿನಿಂದ ಎರಡು ಕೈಯಿಂದಲೂ ಪಕ್ಕಕ್ಕೆ ಸರಿ, ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದಳು. ಆಶೀರ್ವಾದ ಕೇಳುತ್ತಿದ್ದಾಳೆ ಎಂದುಕೊಂಡು ಕೈ ಎತ್ತಿ ಹರಸಿದೆ.

ಪ್ರೊಜೆಕ್ಟರಿನ ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಎದುರಿಗೆ ಏನೂ ಕಾಣಿಸದು. ಆದರೂ ಕೆಮ್ಮಿ, ಶುರು ಮಾಡಿದೆ. ಮೊದಲ ಕೆಲವು ವಾಕ್ಯಗಳಿಗೆ ಕುರ್ಚಿಗಳು ಕಿರ್ ಎಂದು ಸರಿಯುವ ಸದ್ದು. ಜನ ಏಳುತ್ತಿದ್ದಾರೆಯೇ? ದನಿ ಏರಿಸಿದೆ. "ಈ ಕಲೆಯಲ್ಲಿ ಕಲಾವಿದನ ಅಂತರಂಗವೇ ಬಹಿರಂಗವಾಗುತ್ತದೆ!"

ಸಭೆ ಗೊಳ್ಳೆಂದಿತು. ಆಮೇಲೆ ಚಪ್ಪಾಳೆ!

ಅಬ್ಬಾ! ಹಿಡಿತ ಸಿಕ್ಕಿತು. "ನೀರಿನಂತೆ ಹರಿಯುವುದೇ ಇದರ ಲಕ್ಷಣ" ಎಂದೆ. ಮಕ್ಕಳು "ಮೀನು! ಮೀನು!" ಎಂದು ಕೂಗಿದವು. ಯಾರೋ ಊಟದ ವಿಷಯ ಮಾತಾಡುತ್ತಿರಬೇಕು. ಬಲಗೈ ಎತ್ತಿ "ಕಲ್ಪನೆಗೆ ರೆಕ್ಕೆ ಬರುತ್ತದೆ" ಎಂದೆ. "ಓಹೋ!" ಎಂದು ಉದ್ಗಾರ. ಜೀವಮಾನದಲ್ಲಿ ನನ್ನ ಮಾತಿಗೆ ಯಾರೂ ಓಹೋ ಎಂದಿರಲಿಲ್ಲ. ಷರತ್ತುಗಳನ್ನು ವಿವರಿಸುತ್ತ ವ್ಯರ್ಥವಾಗಿ ಹೋದ ವರ್ಷಗಳನ್ನು ನೆನೆದು ನನಗೆ ನನ್ನ ಮೇಲೇ ಮರುಕ ಹುಟ್ಟಿತು.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಚೆಂಡೆಯ ಸದ್ದು ಬಂತು. ಯಕ್ಷಗಾನದ ಚೆಂಡೆಯವರು ಹುಲಿವೇಷದ ಕುಣಿತಕ್ಕೆ ಬಾರಿಸುವ ಪೆಟ್ಟನ್ನು ಹಾಕತೊಡಗಿದ್ದರು. ಉಡುಪಿ ಕಡೆಯವರೆಲ್ಲ ಎದ್ದು ನಿಂತು ಸೀಟಿ ಹೊಡೆದರು. ನನ್ನ ವ್ಯಾಖ್ಯಾನಕ್ಕೂ ಹುಲಿಗೂ ಏನು ಸಂಬಂಧ? ಮುಂದಿನ ಹಾಳೆ ತಿರುವಲು ತಲೆ ಬಗ್ಗಿಸಿದೆ.

ಜುಬ್ಬದ ಮೇಲೆ ಹಳದಿ. ಹಳದಿಯ ಮೇಲೆ ಕಪ್ಪು ಪಟ್ಟೆ. ಹೊಟ್ಟೆಯ ನಡುವೆ ಬಾಯಿ ತೆರೆದ ಹುಲಿ ಮುಖ!

ಹಿಂತಿರುಗಿ ನೋಡಿದೆ. ಪರದೆಯ ಮೇಲೆ ನನ್ನದೇ ದೊಡ್ಡ ನೆರಳು. ಅದಕ್ಕೊಂದು ಬಾಲ. ನಾನು ಬೆಚ್ಚಿದರೆ ಬಾಲವೂ ಬೆಚ್ಚಿತು! ಇಷ್ಟು ಹೊತ್ತೂ ಮೀನು ಈಜಿದ್ದು, ಹಕ್ಕಿ ಹಾರಿದ್ದು ಎಲ್ಲ ನನ್ನ ಮೈಮೇಲೆಯೇ. ನನ್ನ ಮಾತನ್ನು ಒಬ್ಬರೂ ಕೇಳಿರಲಿಲ್ಲ.

ಸಿಟ್ಟು ಬಂತು, ನಾಚಿಕೆಯೂ ಆಯಿತು. ಪಕ್ಕಕ್ಕೆ ಓಡಿಬಿಡೋಣ ಎಂದು ಹೆಜ್ಜೆ ಎತ್ತಿದೆ. ಕಣ್ಣಿನ ಮುಂದೆ ಹಾಳೆ ಅಡ್ಡ ಹಿಡಿದಾಗ ಕತ್ತಲಲ್ಲಿ ಅನಘಳ ಮುಖ ಕಂಡಿತು. ನಾಲಿಗೆಯ ತುದಿ ಕಚ್ಚಿಕೊಂಡು, ಚೆಂಡೆಯ ಕಡೆ ಕಿವಿ ಕೊಟ್ಟು, ಸರಸರ ಬರೆಯುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿಯೇ ಎಷ್ಟೋ ದಿನವಾಗಿತ್ತು. "ಪಪ್ಪಾ, ಹಲೂ ನಕೋ!" ಎಂದು ಕೂಗಿದಳು. ಅಲುಗಾಡಬೇಡವಂತೆ.

"ಅಲ್ಲೇ ನಿಲ್ಲಿ ಮಾರಾಯ್ರೆ! ಹುಲಿ ಹಾಳಾದೀತು!" ಶೆಟ್ಟರ ದನಿ.

ನಿಂತೆ. ಭಾಷಣದ ಹಾಳೆಗಳನ್ನು ಜೇಬಿಗೆ ತುರುಕಿ, ಬಾಯಿ ಮುಚ್ಚಿ, ಕೈ ಅಗಲಿಸಿ ನಿಂತೆ. ಹುಲಿ ನನ್ನ ಮೇಲೆ ಕುಣಿಯಿತು. ವಡಾಪಾವ್‌ಗೆ ಒಬ್ಬರೂ ಎದ್ದು ಹೋಗಲಿಲ್ಲ.

ದೀಪ ಹತ್ತಿದ ಮೇಲೆ ಶೆಟ್ಟರು ಮೈಕು ಹಿಡಿದು ಅನಘಳನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ, "ಇವಳು ನಮ್ಮ ಊರಿನ ಕಲಾವಿದೆ. ಇದು ಎಂಥ ಕಲೆ ಅಂತ ನನಗೆ ಈಗ ಗೊತ್ತಾಯ್ತು. ಯಾರೂ ಹೇಳಿಕೊಡುದು ಬೇಡ" ಎಂದರು. ನನ್ನ ಕಣ್ಣು ತುಂಬಿ ಬಂತು. ಆ ಕೊನೆಯ ವಾಕ್ಯವಿಲ್ಲದಿದ್ದರೆ ಇನ್ನೂ ತುಂಬುತ್ತಿತ್ತು.

ಮರುವಾರ ಖಾರಘರದ ಕನ್ನಡ ಬಳಗದವರ ಫೋನು ಬಂತು. "ಸರ್, ನೀವೂ ನಿಮ್ಮ ಮಗಳೂ ನಮ್ಮಲ್ಲಿಗೆ ಬರಬೇಕು." ನಾನು ಗಂಟಲು ಸರಿಮಾಡಿಕೊಂಡು, ಭಾಷಣಕ್ಕೆ ಎಷ್ಟು ಹೊತ್ತು ಎಂದು ಕೇಳಿದೆ. "ಇಲ್ಲ ಸರ್, ನೀವು ಮಾತಾಡೋದೇನೂ ಬೇಡ, ನಿಂತ್ರೆ ಸಾಕು. ಮತ್ತೆ ಸರ್, ಡಯಟ್ ಗಿಯಟ್ ಏನೂ ಮಾಡ್ತಿಲ್ಲ ತಾನೆ?"

ಮಗಳಿಗಾಗಿ ಒಪ್ಪಿಕೊಂಡೆ. ಈಗ ದಿನಾ ಸಂಜೆ ನಮ್ಮ ಹಾಲಿನಲ್ಲಿ ಬಿಳಿ ಜುಬ್ಬ ತೊಟ್ಟು, ತುಟಿ ಬಿಚ್ಚದೆ ಗೋಡೆಯ ಮುಂದೆ ನಿಲ್ಲುವ ಅಭ್ಯಾಸ ನಡೆದಿದೆ. ನಳಿನಿ ಅಡುಗೆ ಬಿಟ್ಟು ಬಂದು, ಕುರ್ಚಿ ಎಳೆದುಕೊಂಡು ಕೂತು, ನನ್ನನ್ನೇ ತೃಪ್ತಿಯಿಂದ ನೋಡುತ್ತಾಳೆ.

"ರೀ, ಎಂಥಾ ಕಲೆ ರೀ ಇದು! ಮದುವೆಯಾದ ಹೊಸದರಲ್ಲೇ ಬರಬಾರದಿತ್ತಾ?"