ಡಬ್ಬಿ ಮ್ಯಾಲಿನ ಹೆಬ್ಬೆಟ್ಟು

ಮಾಸ್ತರಕಿ ಮಾಡಾವ ನಗಿ ಹುಡುಕ್ಕೊಂಡು ಹೋಗೂದ ಬ್ಯಾಡ್ರಿ, ಅದ ದಿನಾ ಬಂದು ಹಾಜರಿ ಹೇಳತೈತಿ. ಎಂಬತ್ತರ ದಶಕದ ಕೊನೀಗೆ ಅಂಕಲಿ ಕಡೆ ಒಂದು ಸಾಲ್ಯಾಗ ವಿಜ್ಞಾನ ಕಲಸ್ತಿದ್ನಿ. ಆ ಏಳನೇ ಇಯತ್ತೆ ಹುಡುಗ್ರು ನೆನಪಾದ್ರ ಈಗೂ ಜೀವ ಚುರ್ ಅಂತೈತಿ.

೧. ಬಿಳಿ ಹಾಳಿ

ಪೊಲೀಸರು ಕಳ್ಳನ್ನ ಹೆಂಗ ಹಿಡಿತಾರ ಅಂತ ಮಾಡಿ ತೋರಸೂಣು ಅಂದು, ಸ್ಟ್ಯಾಂಪ್ ಪ್ಯಾಡ್ ತಂದು ಎಲ್ಲಾರ ಹೆಬ್ಬೆಟ್ಟೂ ಬಿಳಿ ಹಾಳಿ ಮ್ಯಾಲ ಒತ್ತಿಸಿದ್ನಿ. ಸುಳಿ, ಕೊಂಡಿ, ಕಮಾನು ಅಂತ ಗೆರಿ ಗುರ್ತಾ ಹಿಡದ್ವಿ. ಮರುದಿನ ಸಾಲಿ ಮುಂದ ಹುಡುಗ್ರ ಅಪ್ಪಂದ್ರು!

"ಖಾಲಿ ಹಾಳಿ ಮ್ಯಾಲ ಹೆಬ್ಬೆಟ್ಟು ಯಾಕ ತಗೊಂಡ್ರಿ ಮಾಸ್ತರ? ನಮ್ಮಪ್ಪ ಹಿಂಗ ಒತ್ತೇ ಎರಡೆಕರೆ ಕಳಕೊಂಡಾನ!"

ಕಡೀಕ ಪ್ರತಿ ಹಾಳಿ ಮ್ಯಾಲೂ "ಇದಕ್ಕೂ ಹೊಲಕ್ಕೂ ಸಂಬಂಧ ಇಲ್ಲ" ಅಂತ ಬರದು ಸಹಿ ಮಾಡಾಕ ಹೋದ್ನಿ. ಸಹಿ ನಡ್ಯಂಗಿಲ್ಲ, ನೀವೂ ಹೆಬ್ಬೆಟ್ಟ ಒತ್ರಿ ಅಂದ್ರು.

೨. ಶೇಂಗಾ ಹೋಳಿಗಿ

ಒಂದಿನ ನನ್ನ ಸ್ಟೀಲ್ ಡಬ್ಬ್ಯಾಗಿನ ಶೇಂಗಾ ಹೋಳಿಗಿ ಮಾಯ. ಪೆನ್ಸಿಲ್ ಕಡ್ಡಿ ಅರದು ಪುಡಿ ಮಾಡಿ, ಕುಂಚದ್ಲೆ ಡಬ್ಬಿಗೆ ಸವರಿದ್ವಿ. ಹೆಬ್ಬೆಟ್ಟು ಮೂಡಿತು, ನಡುವ ಅಡ್ಡ ಗೀರು.

"ಕುಡಗೋಲು ತಾಗಿದ ಬೆರಳ್ರೀ ಸರ್! ಹೆಡ್ ಸರ್ದ ಐತಿ!" ಅಂತ ಹುಡುಗ್ರು ಒದರಿದ್ರು.

ಬಾಗಲದಾಗ ನಿಂತಿದ್ದ ಹೆಡ್ ಮಾಸ್ತರ ಮೀಸಿ ಒರಸಿಕೊಂಡ್ರು. "ಪಾಠಕ್ಕ ಒಬ್ಬ ಕಳ್ಳ ಬೇಕಲ್ರಿ, ಅದಕ್ಕ ಆದ್ನಿ."

೩. ಬದಲಿ ಆರ್ಡರ್

ಸತ್ತಿ ಊರಿನ ಸಾಲಿಗೆ ನನ್ನ ಬದಲಿ ಆತು. ಹೋಗಾಕ ಒಟ್ಟ ಮನಸಿಲ್ಲ. ಆರ್ಡರ್ ಕಾಗದ ಅದ ಡಬ್ಬ್ಯಾಗ, ಹೋಳಿಗಿ ಮ್ಯಾಲಿಟ್ಟು ಪಾಠಕ್ಕ ಹೋದ್ನಿ. ಬಂದು ನೋಡಿದ್ರ ಕಾಗದ ಇಲ್ಲ.

"ಯಾರ್ಲೇ ತಗದವ್ರು?"

"ಪುಡಿ ಹಚ್ರಿ ಸರ್, ಗೊತ್ತಾಗತೈತಿ" ಅಂದ್ಲು ಮುಂದ ಕುಂತ ಹುಡುಗಿ, ಕಣ್ಣಾಗ ನೀರು ತುಂಬಿಕೊಂಡು.

ಸವರಿದ್ನಿ. ಇಡೀ ಇಯತ್ತೆ ಹೆಬ್ಬೆಟ್ಟು, ಸಂದಿ ಬಿಡದಂಗ!

"ಎಲ್ಲಾರೂ ಒತ್ತೇವ್ರಿ. ಈಗ ಹಿಡೀರಿ ಕಳ್ಳನ್ನ! ಕಾಗದ ಇಲ್ದ ಹೆಂಗ ಹೋಗ್ತೀರಿ?"

ಅತ್ತಬಿಟ್ನಿ. ವಾರದಾಗ ಸರ್ಕಾರ ಇನ್ನೊಂದು ಕಾಗದ ಕಳಿಸ್ತು, ಹೋದ್ನಿ. ಆಮ್ಯಾಲ ಎಷ್ಟೋ ಸಾಲಿಂದ ಬದಲಿ ಆತು, ನನ್ನ ಕಾಗದ ಯಾರೂ ಕದೀಲಿಲ್ಲ. ಆ ಹುಡುಗ್ರು ಇವತ್ತಿಗೂ ಬೇಕನಸ್ತಾರ.

ಕಾಗದ ಕದ್ರ ಬದಲಿ ನಿಲ್ಲಂಗಿಲ್ಲ ಅಂತ ಹುಡುಗ್ರಿಗೆ ಎಲ್ಲಿ ತಿಳೀಬೇಕ್ರಿ? ತಿಳಿದಾವ್ರು ಸಾಲ್ಯಾಗ ಒಬ್ಬರ ಇದ್ರು. ಅವತ್ತ ಡಬ್ಬಿ ಮುಚ್ಚಳಕ್ಕೂ ಪುಡಿ ಸವರಿ ನೋಡಿದ್ರ, ನಟ್ಟನಡುವ ಅಡ್ಡ ಗೀರಿನ ಹೆಬ್ಬೆಟ್ಟು. ಒಳಗ ಹೋಳಿಗಿನೂ ಇರಲಿಲ್ಲ.